ಫೋಲ್ಡರ್ ವರ್ಷದ ಪ್ರಕಾರವೋ, ವಿಷಯದ ಪ್ರಕಾರವೋ?

ಗಂಗಾವತಿ ಕಡೆಯ ಯಾವುದಾದರೂ ಮನೆ ಕಂಪ್ಯೂಟರಿನ ಡೌನ್‌ಲೋಡ್ಸ್ ತೆರೆದು ನೋಡಿ. ಪಹಣಿ, ಜೆಸ್ಕಾಂ ಕರೆಂಟ್ ಬಿಲ್, ಮಗಳ ಹಾಲ್ ಟಿಕೆಟ್, ಆನೆಗೊಂದಿ ಫೋಟೊ ಎಲ್ಲಾ ಒಂದೇ ಕಡೆ. ಅದೇ ಪಹಣಿ ಮೂರು ಸಲ ಇಳಿದಿರುತ್ತೆ, ಹೆಸರಿನ ಕೊನೆಗೆ (1), (2) ಅಂತ.

ಫೋಟೊಗಳಿಗೆ ವರ್ಷದ ಫೋಲ್ಡರೇ ಸರಿ. ಒಳಗೆ ಜಾತ್ರೆ, ಮದುವೆ ಅಂತ ಇಟ್ಟರೆ ಸಾಕು.

ಕಾಗದಪತ್ರಕ್ಕೆ ಮಾತ್ರ ಇದು ಕೈಕೊಡುತ್ತದೆ. ಬ್ಯಾಂಕಿನವರು ಪಹಣಿ ಕೇಳಿದಾಗ, ತೆಗೆಸಿದ್ದು ಯಾವ ವರ್ಷ ಅಂತ ಯಾರಿಗೆ ನೆನಪಿರುತ್ತೆ? ಹೊಲ, ಮನೆ, ಶಾಲೆ ಅಂತ ವಿಷಯವಾರು ಇಡಿ. ದಿನಾಂಕ ಬೇಕೇ ಬೇಕು ಅಂದ್ರೆ ಫೈಲ್ ಹೆಸರಲ್ಲಿ ವರ್ಷದಿಂದ ಶುರು ಮಾಡಿ: ‘2024-06-12 ಪಹಣಿ’. ಹೆಸರಿನ ಪ್ರಕಾರ ಜೋಡಿಸಿದರೆ ತಾನಾಗೇ ಸಾಲಾಗಿ ನಿಲ್ಲುತ್ತವೆ. ‘12-06-2024’ ಅಂತ ಬರೆದರೆ ವರ್ಷಗಳೆಲ್ಲಾ ಕಲಸಿಹೋಗುತ್ತವೆ.

ಇನ್ನು ಬ್ಯಾಕಪ್. ಗೂಗಲ್‌ನ ಉಚಿತ 15 ಜಿಬಿ ಜಾಗ ಕಾಗದಪತ್ರಕ್ಕೆ ಧಾರಾಳ. ಆದರೆ ಜಿಮೇಲ್, ಫೋಟೊ ಕೂಡ ಅದನ್ನೇ ತಿನ್ನುತ್ತವೆ. ಮದುವೆ ವಿಡಿಯೊ ಇದ್ದರೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳಿ. ಕೆಲಸ ಮುಗಿದ ಮೇಲೆ ಕಳಚಿ ಬೀರುವಿನಲ್ಲಿಡಿ, ಧೂಳೂ ಜಾಸ್ತಿ, ಕರೆಂಟೂ ಹೋಗಿಬಂದು ಮಾಡುತ್ತೆ. ಡಿಫ್ರಾಗ್, ಅಂದ್ರೆ ಡಿಸ್ಕಿನಲ್ಲಿ ಚದುರಿದ ಫೈಲ್ ತುಣುಕುಗಳನ್ನು ಒಟ್ಟಿಗೆ ಜೋಡಿಸುವುದು, ತಟ್ಟೆ ತಿರುಗುವ ಹಳೇ ಬಗೆಯ ಹಾರ್ಡ್ ಡಿಸ್ಕಿಗೆ ಮಾತ್ರ; ಚಿಪ್‌ನಲ್ಲಿ ಫೈಲ್ ಇಡುವ ಎಸ್‌ಎಸ್‌ಡಿಗೆ ಬೇಡ.