ತೋಟಕ್ಕೆ ಹೋಗುವಾಗ ಈ ಕೊಕ್ಕೆ ಚಾಕು ಇರಲಿ

ಶಿರಸಿ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಈ ಹಾಕ್‌ಬಿಲ್ ಮಡಚು ಚಾಕು 350 ರೂಪಾಯಿಗೆ ಸಿಕ್ಕಿತು. ಅಲಗು ಗಿಡುಗನ ಕೊಕ್ಕಿನಂತೆ ಬಾಗಿದೆ, ಹರಿತ ಇರುವುದು ಒಳಬದಿಗೆ.

ನೇರ ಚಾಕುವಿನಲ್ಲಿ ಹಗ್ಗ ಎಳೆದು ಕೊಯ್ದರೆ ತುದಿಯಿಂದ ಜಾರಿಬಿಡುತ್ತದೆ, ಅಲ್ವಾ? ಇದರಲ್ಲಿ ಎಳೆದಷ್ಟೂ ಹಗ್ಗ ಬಾಗಿನೊಳಗೇ ಸಿಕ್ಕಿಬೀಳುತ್ತದೆ. ಮೆಣಸಿನ ಬಳ್ಳಿಗೆ ಕಟ್ಟಿದ ಹಳೆ ದಾರ, ಗೊಬ್ಬರ ಚೀಲದ ಹೊಲಿಗೆ, ಡ್ರಿಪ್ ಪೈಪು, ಎಲ್ಲಕ್ಕೂ ಸೈ. ಬಾಳೆ ಎಲೆಗಂತೂ ಇದೇ ಬೇಕು. ದಂಟಿಗೆ ಕೊಕ್ಕೆ ಹಾಕಿ ಒಮ್ಮೆ ಎಳೆದರೆ ಆಯಿತು. ಇನ್ನೊಂದು ಕೈ ಎಲೆ ಹಿಡಿಯಲು ಖಾಲಿ, ಎಲೆ ಕೆಳಗೆ ಬಿದ್ದು ಹರಿಯುವುದಿಲ್ಲ.

ಅಡುಗೆಮನೆಗೆ ಮಾತ್ರ ತರಬೇಡಿ. ಹಲಗೆ ಮೇಲೆ ಬರೀ ತುದಿ ತಾಗುತ್ತದೆ. ನಮ್ಮತ್ತೆ ಈರುಳ್ಳಿ ಹೆಚ್ಚಲು ನೋಡಿ, "ಇದು ತೋಟದಲ್ಲೇ ಇರಲಿ ಮಾರಾಯ್ತಿ" ಅಂದು ಈಳಿಗೆ ಮಣೆ ಎಳೆದುಕೊಂಡರು.

ಸಾಣೆ ಹಿಡಿಯುವುದು ತಲೆನೋವು. ಚಪ್ಪಟೆ ಕಲ್ಲು ಒಳಬಾಗಿಗೆ ಕೂರುವುದಿಲ್ಲ. ನಾನು ದುಂಡನೆಯ ಕೋಲಿಗೆ ಪಾಲಿಶ್ ಪೇಪರ್ ಸುತ್ತಿ ಉಜ್ಜುತ್ತೇನೆ. ನನ್ನದು ಕಾರ್ಬನ್ ಸ್ಟೀಲ್. ನಮ್ಮ ಮಳೆಗಾಲದಲ್ಲಿ ಒರೆಸಿ ಕೊಬ್ಬರಿ ಎಣ್ಣೆ ಸವರದಿದ್ದರೆ ತುಕ್ಕು ಗ್ಯಾರಂಟಿ. ಅಷ್ಟು ಚಾಕರಿ ಬೇಡ ಅನ್ನುವವರು ಸ್ಟೇನ್‌ಲೆಸ್ ತಗೊಳ್ಳಿ.

ಇನ್ನೊಂದು, ಲಾಕ್ ಗಟ್ಟಿ ಇದೆಯಾ ನೋಡಿಯೇ ಕೊಳ್ಳಿ. ತುದಿ ಎಲ್ಲಾದರೂ ಸಿಕ್ಕಿಕೊಂಡಾಗ ಸಡಿಲ ಅಲಗು ಬೆರಳ ಮೇಲೇ ಮಡಚಿಕೊಳ್ಳಬಹುದು. ಕಿಸೆಯಲ್ಲಿಟ್ಟು ಅಭ್ಯಾಸ ಆದವರು ಹುಬ್ಬಳ್ಳಿಯಲ್ಲಿ ವಿಮಾನ ಹತ್ತುವ ಮೊದಲು ನೆನಪಿಟ್ಟು ತೆಗೆದಿಡಿ. ಕೈಚೀಲದಲ್ಲಿ ಚಾಕು ಬಿಡುವುದಿಲ್ಲ.