ಬೇಡ ಎನ್ನಲು ಜಾಗವಿರುವ ಯೋಗ ತರಗತಿ: ಕಾರವಾರದಿಂದ ಒಂದು ವಿಮರ್ಶೆ

ಕಾರವಾರ ಪೇಟೆಯಲ್ಲಿ ಮಹಿಳೆಯರಿಗಾಗಿ ನಡೆಯುವ ಈ ಸಂಜೆ ತರಗತಿಯ ಹೆಸರನ್ನಾಗಲಿ ಬೀದಿಯನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಮನೆಯೊಳಗಿನ ಹಿಂಸೆ, ಲೈಂಗಿಕ ದೌರ್ಜನ್ಯ, ಅಪಘಾತ, ನೆರೆ, ಗುಡ್ಡ ಕುಸಿತ ದಾಟಿ ಬಂದವರು ಅಲ್ಲಿಗೆ ಬರುತ್ತಾರೆ. ಯಾರು ಯಾವ ಮೆಟ್ಟಿಲು ಹತ್ತಿದರು ಎಂಬುದು ಕತ್ತಲಾಗುವುದರೊಳಗೆ ಎಲ್ಲರಿಗೂ ತಿಳಿಯುವಷ್ಟು ಚಿಕ್ಕ ಊರು ಇದು. ಹೊರಗಿನ ಬೋರ್ಡಿನಲ್ಲೂ ‘ಮಹಿಳೆಯರ ಯೋಗ’ ಎಂದಷ್ಟೇ ಇದೆ, ಅದು ಒಳ್ಳೆಯದೇ.

ವಾರಕ್ಕೊಮ್ಮೆ ಒಂದು ಗಂಟೆ, ಒಟ್ಟು 10 ವಾರ. ಒಂದು ತಂಡದಲ್ಲಿ ಹೆಚ್ಚೆಂದರೆ 8 ಮಂದಿ. ಶುಲ್ಕ 1,500 ರೂಪಾಯಿ. ಮೊದಲ ಎರಡು ವಾರದೊಳಗೆ ಬಿಟ್ಟರೆ ಕಾರಣ ಕೇಳದೆ ಪೂರ್ತಿ ವಾಪಸ್. ತರಗತಿಯ ಗುಣ ಈ ಕೊನೆಯ ನಿಯಮದಲ್ಲೇ ಕಾಣುತ್ತದೆ. ಆಘಾತಕ್ಕೆ ಸಿಕ್ಕವರ ಪಾಲಿಗೆ, ಬೇಡವೆಂದರೂ ನಡೆದುಹೋದ ಸಂಗತಿಯೇ ಗಾಯ. ಅವರಿಗಾಗಿ ನಡೆಸುವ ಯೋಗವನ್ನು ಅಳೆಯುವಾಗ ನಾವು ಮೊದಲು ನೋಡುವುದು ಒಂದನ್ನೇ: ನಡುವೆ ಬೇಡವೆನಿಸಿದರೆ ನಿಲ್ಲಿಸುವುದು ಎಷ್ಟು ಸಲೀಸು?

10 ವಾರದ ಲೆಕ್ಕಕ್ಕೆ ಹಿನ್ನೆಲೆಯಿದೆ. ಅಮೆರಿಕದ ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಲ್ಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 64 ಮಹಿಳೆಯರಿದ್ದರು. ಎಲ್ಲರಿಗೂ ಚಿಕಿತ್ಸೆಗೆ ಸುಲಭವಾಗಿ ಬಗ್ಗದ, ಹಳೆಯ ಪಿಟಿಎಸ್‌ಡಿ (ಆಘಾತದ ನಂತರ ಬಹುಕಾಲ ಕಾಡುವ ಮಾನಸಿಕ ತೊಂದರೆ). ವಾರಕ್ಕೆ ಒಂದು ಗಂಟೆಯಂತೆ 10 ವಾರ ಯೋಗ ಮಾಡಿದ 31 ಮಂದಿಯಲ್ಲಿ 16 ಮಂದಿ ಕೊನೆಗೆ ಪಿಟಿಎಸ್‌ಡಿಯ ಮಾನದಂಡದಿಂದ ಹೊರಬಂದಿದ್ದರು. ಆರೋಗ್ಯ ಮಾಹಿತಿಯ ತರಗತಿಗೆ ಹೋದ 29 ಮಂದಿಯಲ್ಲಿ ಹಾಗೆ ಹೊರಬಂದವರು 6. ಅಲ್ಲಿ ಯೋಗವನ್ನು ಚಿಕಿತ್ಸೆಯ ಜೊತೆಗೆ ಕೊಡಲಾಗಿತ್ತು. ಈ ತರಗತಿಯವರೂ ಅದನ್ನೇ ಮೊದಲ ದಿನ ಸ್ಪಷ್ಟವಾಗಿ ಹೇಳುತ್ತಾರೆ: ಮಾತ್ರೆ ನಿಲ್ಲಿಸಬೇಡಿ, ಆಪ್ತಸಮಾಲೋಚನೆ ಬಿಡಬೇಡಿ. ಯೋಗದಿಂದ ಎಲ್ಲ ವಾಸಿಯಾಗುತ್ತದೆ ಎಂಬ ಮಾತು ಎಲ್ಲೂ ಕೇಳಿಬರಲಿಲ್ಲ.

ಸಾಮಾನ್ಯ ತರಗತಿಯಲ್ಲಿ ಇಂಥವರಿಗೆ ಎಡವಟ್ಟಾಗುವುದು ಹೆಚ್ಚಾಗಿ ಉಸಿರಿನಲ್ಲಿ. ಜೂನ್ 21ರ ಯೋಗ ದಿನಕ್ಕೆ ಶಾಲಾ ಮೈದಾನಗಳಲ್ಲಿ ಎಲ್ಲರೂ ಮಾಡುವ 45 ನಿಮಿಷದ ಸಾಮಾನ್ಯ ಕ್ರಮದಲ್ಲೂ ಕಪಾಲಭಾತಿ ಇದೆ. ಉಸಿರನ್ನು ರಭಸದಿಂದ ಬಿಡುತ್ತ ಹೋದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯಬಹುದು. ತಲೆ ಸುತ್ತುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ, ಎದೆ ಡವಗುಡುತ್ತದೆ. ಆರೋಗ್ಯವಂತರು ಇದನ್ನು ‘ಚುರುಕಾಯಿತು’ ಎನ್ನುತ್ತಾರೆ. ಗಾಬರಿಯ ಹೊಡೆತ ಕಂಡ ಮೈಗೆ ಇವೇ ಅಪಾಯದ ಗುರುತುಗಳು, ಹಾಗಾಗಿ ಹಳೆಯ ಭಯ ಅಲ್ಲೇ ಮರುಕಳಿಸುತ್ತದೆ. ರಭಸದಿಂದ ಉಸಿರೆಳೆದು ಬಿಡುವ ಭಸ್ತ್ರಿಕಾದಲ್ಲೂ ಅದೇ ತೊಂದರೆ. ಉಸಿರು ತಡೆಹಿಡಿಯುವ ಕುಂಭಕದಲ್ಲಿ ಉಸಿರುಗಟ್ಟಿದ ಅನುಭವ, ಉಜ್ಜಾಯಿಯಲ್ಲಿ ಗಂಟಲು ಬಿಗಿಯುವ ಅನುಭವ. ಕುತ್ತಿಗೆ ಹಿಸುಕಿಸಿಕೊಂಡವರಿಗೆ ಅದು ಏನನ್ನು ನೆನಪಿಸುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಈ ತರಗತಿಯಲ್ಲಿ ಈ ನಾಲ್ಕೂ ಇಲ್ಲ. ಮೂರು ಎಣಿಸುವಷ್ಟು ಉಸಿರು ಒಳಗೆ, ನಾಲ್ಕೈದು ಎಣಿಸುವಷ್ಟು ಹೊರಗೆ, ನಡುವೆ ತಡೆಯುವುದಿಲ್ಲ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುವುದರಿಂದ ಹೊರಗಿನ ಉಸಿರನ್ನು ಉದ್ದ ಮಾಡುತ್ತಾರೆ. ಅದೂ ಐದಾರು ಸಲ ಮಾತ್ರ. ಭ್ರಾಮರಿ ಇದೆ, ಆದರೆ ಕಿವಿ ಮುಚ್ಚುವುದಿಲ್ಲ, ಕಣ್ಣೂ ಮುಚ್ಚುವುದಿಲ್ಲ. ತುಟಿ ಸೇರಿಸಿ ಸಣ್ಣಗೆ ಗುಂಯ್‌ಗುಡುವುದಷ್ಟೇ. ಉಸಿರಿನ ಕಡೆ ಗಮನ ಕೊಟ್ಟರೇ ಕಸಿವಿಸಿಯಾಗುವವರೂ ಇರುತ್ತಾರೆ: ನೀರಲ್ಲಿ ಮುಳುಗಿ ಬದುಕಿದವರು, ಆಸ್ತಮಾದವರು. ಅವರಿಗೆ ಉಸಿರಿನ ಮಾತೇ ಎತ್ತದೆ, ಕೈ ಮೇಲೆತ್ತಿ ಇಳಿಸುವುದನ್ನು ಎಣಿಸಲು ಹೇಳುತ್ತಾರೆ.

ಕೋಣೆಯ ವ್ಯವಸ್ಥೆಗೆ ಪೂರ್ತಿ ಅಂಕ. ಕುರ್ಚಿಗಳು ಅರ್ಧಚಂದ್ರಾಕಾರದಲ್ಲಿವೆ, ಎಲ್ಲರ ಬೆನ್ನೂ ಗೋಡೆಗೆ, ಎಲ್ಲರ ಕಣ್ಣಿಗೂ ಬಾಗಿಲು. ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಪರದೆ ಇಳಿಬಿಟ್ಟಿದ್ದಾರೆ, ಹೊರಗಿನವರು ಇಣುಕದಂತೆ ಜಗುಲಿಯಲ್ಲಿ ಸಹಾಯಕಿಯೊಬ್ಬರು ಕೂತಿರುತ್ತಾರೆ. ಗೋಡೆಗೆ ದೊಡ್ಡ ಕನ್ನಡಿಯಿಲ್ಲ. ಅಗರಬತ್ತಿ ಹಚ್ಚುವುದಿಲ್ಲ, ಏಕೆಂದರೆ ಹಳೆಯ ನೆನಪನ್ನು ಎಬ್ಬಿಸುವುದರಲ್ಲಿ ವಾಸನೆ ಬಹಳ ಮುಂದು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ವಿಶ್ರಾಂತಿ ಶುರುವಾಗುವ ಮೊದಲೇ ಚಾರ್ಜಿಂಗ್ ದೀಪವೊಂದನ್ನು ಹೊತ್ತಿಸಿ ಮೂಲೆಯಲ್ಲಿಡುತ್ತಾರೆ. ಫ್ಯಾನು ನಿಂತ ಕೂಡಲೇ ಶಿಕ್ಷಕಿ ಎಂದಿನ ದನಿಯಲ್ಲೇ ಹೇಳುತ್ತಾರೆ: “ಕರೆಂಟ್ ಹೋಯ್ತು. ದೀಪ ಉರೀತಾ ಇದೆ. ಬಾಗಿಲು ತೆರೆದೇ ಇದೆ.” ಮೂರು ಪುಟ್ಟ ವಾಕ್ಯ. ಕತ್ತಲೆಗೆ ಬೆಚ್ಚುವವರಿಗೆ ಆ ಹೊತ್ತಿನಲ್ಲಿ ಬೇಕಾದದ್ದು ಇಷ್ಟೇ ಮಾಹಿತಿ.

ಕುರ್ಚಿಗಳ ವಿಷಯದಲ್ಲಿ ಮಾತ್ರ ತಕರಾರಿದೆ. ಎಲ್ಲವೂ ಕೈಯಿರುವ ಪ್ಲಾಸ್ಟಿಕ್ ಕುರ್ಚಿಗಳು. ಟೈಲ್ಸ್ ಮೇಲೆ ಕಾಲು ಜಾರುತ್ತವೆ. ಕೆಳಗೆ ಮ್ಯಾಟ್ ಹಾಸಿ, ಬೆನ್ನನ್ನು ಗೋಡೆಗೆ ಒತ್ತಿ ಅದನ್ನು ಸರಿಪಡಿಸಿದ್ದಾರೆ. ಆದರೆ ಸೊಂಟ ತಿರುಗಿಸುವಾಗ ಕುರ್ಚಿಯ ಕೈ ಅಡ್ಡ ಬರುತ್ತದೆ. ಗಿಡ್ಡಗಿರುವವರ ಪಾದ ನೆಲ ಮುಟ್ಟುವುದಿಲ್ಲ, ಮತ್ತು ಇಲ್ಲಿನ ಅರ್ಧ ಪಾಠ ಪಾದ ನೆಲ ಮುಟ್ಟುವುದರ ಮೇಲೇ ನಿಂತಿದೆ. ಕೈಯಿಲ್ಲದ ಗಟ್ಟಿ ಮರದ ಕುರ್ಚಿ ಎರಡಾದರೂ ಬೇಕು, ಪಾದದಡಿಗೆ ಇಡಲು ಯೋಗದ ಇಟ್ಟಿಗೆಗಳೂ ಬೇಕು.

ಮೊದಲ ಐದು ನಿಮಿಷ ಕಣ್ಣು ತೆರೆದು ಕೋಣೆಯನ್ನು ನೋಡುವುದು: ಕತ್ತು ನಿಧಾನ ತಿರುಗಿಸಿ ಬಾಗಿಲು, ಕಿಟಕಿ, ಪಕ್ಕದವರು. ಆಮೇಲೆ ಪಾದವನ್ನು ಐದು ಎಣಿಸುವವರೆಗೆ ನೆಲಕ್ಕೆ ಒತ್ತಿ ಬಿಡುವುದು, ಅಂಗೈಗಳನ್ನು ಒಂದಕ್ಕೊಂದು ಒತ್ತಿ ಬಿಡುವುದು. ನಡುವಿನ 25 ನಿಮಿಷ ಆಸನಗಳಿಗೆ. ಕೂತಲ್ಲೇ ಬೆನ್ನನ್ನು ಮುಂದೆ ಹಿಂದೆ ಬಾಗಿಸುವುದು, ಕುರ್ಚಿ ಹಿಡಿದು ಒಂಟಿ ಕಾಲಿನ ವೃಕ್ಷಾಸನ (ಎತ್ತುವ ಕಾಲಿನ ಹೆಬ್ಬೆರಳು ನೆಲದ ಮೇಲೇ ಇರಬಹುದು). ಗೋಡೆ ತಳ್ಳುವುದಂತೂ ಎಲ್ಲಕ್ಕಿಂತ ಚೆನ್ನಾಗಿತ್ತು. ಗೋಡೆಯಿಂದ ಒಂದು ತೋಳಳತೆ ದೂರ ನಿಂತು, ಅಂಗೈಗಳನ್ನು ಎದೆಯ ಮಟ್ಟದಲ್ಲಿಟ್ಟು, ಮೂರು ಉಸಿರು ಬಿಡುವಷ್ಟು ಹೊತ್ತು ಜೋರಾಗಿ ತಳ್ಳಿ ಸಡಿಲಿಸಬೇಕು. ತನ್ನ ತೋಳಿನಲ್ಲಿ ಬಲವಿದೆ ಎಂಬುದು ಅಲ್ಲಿ ಕಣ್ಣೆದುರೇ ಖಚಿತವಾಗುತ್ತದೆ. ಕಾಲು ಅಗಲಿಸಿ ಮಲಗುವ ಸುಪ್ತ ಬದ್ಧಕೋಣಾಸನ, ಆನಂದ ಬಾಲಾಸನಗಳನ್ನು, ಸೊಂಟ ಎತ್ತುವ ಸೇತುಬಂಧವನ್ನು, ಕೈಕಾಲು ಕಟ್ಟುವ ಬೆಲ್ಟನ್ನು ಪಾಠದಿಂದಲೇ ತೆಗೆದಿದ್ದಾರೆ. ಮೈ ಮುಟ್ಟಿ ತಿದ್ದುವುದಿಲ್ಲ, ಬೆನ್ನ ಹಿಂದೆ ಓಡಾಡುವುದಿಲ್ಲ. ಭಂಗಿ ಸೊಟ್ಟಗಿದ್ದರೆ ಶಿಕ್ಷಕಿ ತಾವೇ ಎದುರಿಗೆ ಇನ್ನೊಮ್ಮೆ ಮಾಡಿ ತೋರಿಸುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕೊಂದು ವಿಶೇಷ ಅಡ್ಡಿಯಿದೆ. ಕಲಿಸುವ ಹೆಂಗಸನ್ನು ‘ಅಕ್ಕೋರು’ ಎನ್ನುವ ಊರುಗಳು ಇವು. ಅಕ್ಕೋರು ಹೇಳಿದ ಮೇಲೆ ಮಾಡಲೇಬೇಕು ಎಂಬುದು ಒಂದನೇ ಕ್ಲಾಸಿನಿಂದ ಬಂದ ರೂಢಿ. “ಬೇಡವಾದರೆ ಬಿಡಿ” ಎಂದು ಬರಿದೇ ಹೇಳಿದರೆ ಯಾರೂ ಬಿಡುವುದಿಲ್ಲ. ಈ ಶಿಕ್ಷಕಿ ಅದಕ್ಕೊಂದು ದಾರಿ ಕಂಡುಕೊಂಡಿದ್ದಾರೆ: ಪ್ರತಿ ಸಲವೂ ಎರಡು ಸಮಾನ ಆಯ್ಕೆ. “ಕೈ ತಲೆಯ ಮೇಲಕ್ಕೆ ಎತ್ತಬಹುದು, ಭುಜದ ಮಟ್ಟಕ್ಕೂ ಎತ್ತಬಹುದು.” ತಾವು ಹೆಚ್ಚಾಗಿ ಸುಲಭದ್ದನ್ನೇ ಮಾಡಿ ತೋರಿಸುತ್ತಾರೆ, ಒಮ್ಮೊಮ್ಮೆ ನಡುವೆ ತಾವೇ ನಿಲ್ಲಿಸಿ ಕೈ ಇಳಿಸಿ ಕೂರುತ್ತಾರೆ. ನಿಲ್ಲಿಸಿದವರಿಗೆ “ಯಾಕೆ?” ಎಂಬ ಪ್ರಶ್ನೆ ಬರುವುದಿಲ್ಲ, ಪೂರ್ತಿ ಮಾಡಿದವರಿಗೆ “ಭೇಷ್” ಕೂಡ ಇಲ್ಲ. ಕೊಂಕಣಿ ಮಾತಾಡುವವರಿಗೆ ಕೊಂಕಣಿಯಲ್ಲೂ ಹೇಳುತ್ತಾರೆ.

ಶವಾಸನದ ಹೊತ್ತಿಗೆ ಬಹಳ ಶಿಕ್ಷಕರು ಮೈಮರೆಯುತ್ತಾರೆ. ಅಂಗಾತ ಮಲಗಿ, ಕಣ್ಣು ಮುಚ್ಚಿ, ಹೊಟ್ಟೆ ಎದೆ ತೆರೆದಿಟ್ಟು ಹತ್ತು ನಿಮಿಷ ಅಲುಗದೆ ಇರುವುದು ದೌರ್ಜನ್ಯ ಕಂಡ ಮೈಗೆ ವಿಶ್ರಾಂತಿಯೇ ಅಲ್ಲ. ಇನ್ನೂ ಮುಖ್ಯವಾದದ್ದು, ಅಲುಗಾಡದೆ ಮಲಗಿದವರೆಲ್ಲ ಶಾಂತವಾಗಿದ್ದಾರೆ ಎಂದುಕೊಳ್ಳುವ ತಪ್ಪು. ಭಯಕ್ಕೆ ಮರಗಟ್ಟಿದವರೂ ಹಾಗೇ ಕಾಣುತ್ತಾರೆ: ಉಸಿರು ಮೇಲ್ಮೇಲೆ, ದವಡೆ ಬಿಗಿ, ಕಾಲ್ಬೆರಳು ಮಡಚಿದ್ದು, ಕರೆದರೆ ತಡವಾಗಿ ಓಗೊಡುವುದು. ಇಲ್ಲಿ ವಿಶ್ರಾಂತಿ ಎರಡು ನಿಮಿಷದಿಂದ ಶುರುವಾಗಿ, 10ನೇ ವಾರಕ್ಕೂ ಏಳು ನಿಮಿಷ ದಾಟುವುದಿಲ್ಲ. ಗೋಡೆಗೊರಗಿ ಕೂರಬಹುದು, ಮಗ್ಗುಲಾಗಿ ಮಲಗಬಹುದು, ಕವುಚಿ ಮಕರಾಸನದಲ್ಲಿರಬಹುದು. ಬೇಕಾದವರಿಗೆ ಹೊದಿಕೆ. ಇನ್ನೆಷ್ಟು ಹೊತ್ತು ಎಂಬುದನ್ನು ಮೊದಲೇ ಹೇಳುತ್ತಾರೆ, ಮುಗಿಯುವುದಕ್ಕೆ ಒಂದು ನಿಮಿಷ ಮುಂಚೆ ಮತ್ತೆ ಹೇಳುತ್ತಾರೆ.

ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಮೇಲೆ ಗಮನವಿಡುವ ಭಾಗವೂ ಇದೇ ಎಚ್ಚರದಲ್ಲಿದೆ. ಮೈಯೊಳಗೆ ಗಮನವಿಟ್ಟು ಬಂದದ್ದನ್ನೆಲ್ಲ ನೋಡುತ್ತಾ ಕೂರಿ ಎನ್ನುವುದು ಎಲ್ಲರಿಗೂ ಹೊಂದುವ ಮದ್ದಲ್ಲ. ನೋವು ಇರುವುದೇ ಮೈಯೊಳಗೆ ಎಂದ ಮೇಲೆ, ಅಲ್ಲೇ ನಿಲ್ಲಿ ಎಂದರೆ ನೆನಪು ಉಕ್ಕಿಬರುತ್ತದೆ. ಇಲ್ಲಿ ಗಮನ ಹೊರಗಿನಿಂದ ಶುರುವಾಗುತ್ತದೆ: ಕಾಣುವ ಐದು ವಸ್ತು, ಕೇಳುವ ಮೂರು ಸದ್ದು, ಕುರ್ಚಿಗೆ ತಾಗಿದ ತೊಡೆಯ ಭಾರ. ಮೈಯ ಕಡೆ ಬಂದರೂ ಪಾದ ಮತ್ತು ಅಂಗೈ ಮಾತ್ರ. ಒಮ್ಮೆಗೆ ಎರಡು ಮೂರು ನಿಮಿಷ ಸಾಕು.

ಯಾರಿಗಾದರೂ ನೆನಪು ಮೇಲೇರಿ ಬಂದರೆ ಏನು ಮಾಡಬೇಕೆಂದು ಶಿಕ್ಷಕಿಯೂ ಸಹಾಯಕಿಯೂ ಮೊದಲೇ ಗೊತ್ತು ಮಾಡಿಕೊಂಡಿದ್ದಾರೆ. ದೀಪ ಜೋರು ಮಾಡುವುದು, ಹೆಸರು ಹಿಡಿದು ಕರೆಯುವುದು, ಇಂದು ಯಾವ ವಾರ, ಎಲ್ಲಿದ್ದೀರಿ ಎಂದು ಹೇಳುವುದು, ಪಾದ ಒತ್ತಲು ಹೇಳುವುದು, ತಣ್ಣನೆಯ ನೀರಿನ ಲೋಟ ಕೈಗೆ ಕೊಡುವುದು. ಮುಟ್ಟುವುದಿಲ್ಲ, ಸುತ್ತ ಗುಂಪುಗೂಡುವುದಿಲ್ಲ, ಏನು ನೆನಪಾಯಿತು ಎಂದು ಕೆದಕುವುದಿಲ್ಲ. ಬೇಕೆಂದರೆ ಸಹಾಯಕಿಯ ಜೊತೆ ಜಗುಲಿಗೆ ಹೋಗಿ ಕೂರಬಹುದು; ಒಬ್ಬರನ್ನೇ ಮನೆಗೆ ಕಳಿಸುವುದಿಲ್ಲ.

ಇಷ್ಟೆಲ್ಲ ಅಚ್ಚುಕಟ್ಟಾಗಿರುವಲ್ಲಿ ಮನೆಗೆಂದು ವಾಟ್ಸಾಪ್‌ನಲ್ಲಿ ಕೊಡುವ ಯೋಗನಿದ್ರೆಯ ಆಡಿಯೊ ಬೇಸರ ತರಿಸುತ್ತದೆ. ಎಲ್ಲಿಂದಲೋ ತಂದ 28 ನಿಮಿಷದ ಕಡತ. ಗಡಸು ಗಂಡುದನಿ “ಕಣ್ಣು ಮುಚ್ಚಿ, ಅಲುಗಬೇಡಿ” ಎಂದು ಆಜ್ಞೆ ಮಾಡುತ್ತದೆ. ಎದೆ, ಹೊಟ್ಟೆ, ತೊಡೆ ಎಂದು ಅಂಗಾಂಗ ಹೆಸರಿಸುತ್ತ ಹೋಗುತ್ತದೆ. ಹಿನ್ನೆಲೆಯಲ್ಲಿ ಅಲೆಯ ಮೊರೆತ, ಮಳೆಯ ಸದ್ದು. ಬೆಂಗಳೂರಿನ ಫ್ಲಾಟಿನಲ್ಲಿ ಅದು ಹಿತವಾಗಿರಬಹುದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಮಳೆಗೆ ಗುಡ್ಡ ಕುಸಿದು, ಗಂಗಾವಳಿ ನದಿಯ ನೀರು ಆಚೆ ದಡದ ಮನೆಗಳಿಗೆ ನುಗ್ಗಿದ್ದನ್ನು ಕಂಡ ಜಿಲ್ಲೆಗೆ ಮಳೆಯ ಸದ್ದನ್ನು ವಿಶ್ರಾಂತಿಯೆಂದು ಕಳಿಸಬಾರದು. ದೋಣಿ ಮಗುಚಿದ ಮನೆಗಳಿರುವ ಕರಾವಳಿಗೆ ಅಲೆಯ ಸದ್ದನ್ನೂ ಕಳಿಸಬಾರದು. ಶಿಕ್ಷಕಿಯೇ ತಮ್ಮ ದನಿಯಲ್ಲಿ, ಹಿನ್ನೆಲೆ ಸಂಗೀತವಿಲ್ಲದೆ, ಆರರಿಂದ ಎಂಟು ನಿಮಿಷದ್ದೊಂದನ್ನು ಮುದ್ರಿಸಿ ಕೊಡಲಿ. ಪಾದ, ಅಂಗೈ, ನೆಲ ಇಷ್ಟೇ ಸಾಕು. ಹೇಗೆ ನಿಲ್ಲಿಸಬಹುದು ಎಂಬುದು ಮೊದಲ ವಾಕ್ಯದಲ್ಲೇ ಬರಲಿ. ಅಲ್ಲಿಯವರೆಗೆ, ಸೇರಿದವರು ಆ ಆಡಿಯೊವನ್ನು ಅಳಿಸಿಬಿಡುವುದು ಕ್ಷೇಮ.

ಸೇರ್ಪಡೆ ಅರ್ಜಿಯಲ್ಲಿ ‘ಆಘಾತದ ವಿವರ’ ಎಂದು ಐದು ಸಾಲು ಬಿಟ್ಟಿರುವುದೂ ಬೇಡದ ಕೆಲಸ. ಕಲಿಸಲು ಬೇಕಾದದ್ದು ಬೇರೆ: ರಕ್ತದೊತ್ತಡ, ಆಸ್ತಮಾ, ಮೂರ್ಛೆ, ಗರ್ಭ, ಇತ್ತೀಚಿನ ಶಸ್ತ್ರಚಿಕಿತ್ಸೆ, ಸೇವಿಸುವ ಮಾತ್ರೆ, ಬೇಡವಾದ ಭಂಗಿ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು. ಆ ಐದು ಸಾಲನ್ನು ಖಾಲಿ ಬಿಟ್ಟುಕೊಟ್ಟರೂ ತೆಗೆದುಕೊಳ್ಳುತ್ತಾರೆ. ಒಂಬತ್ತನೇ ವಾರ ಟಾಗೋರ್ ಕಡಲತೀರದಲ್ಲಿ ನಡೆಯುವ ಪಾಠಕ್ಕೂ ನಮ್ಮ ಒಪ್ಪಿಗೆಯಿಲ್ಲ. ಅಲ್ಲಿ ಬೆನ್ನಿಗೆ ಗೋಡೆಯಿಲ್ಲ, ಸುತ್ತ ಮೊಬೈಲ್ ಹಿಡಿದ ಜನ. ಬರುವುದು ಕಡ್ಡಾಯವಲ್ಲ ಎಂದರೂ, ಏಳು ಮಂದಿ ಹೊರಟಾಗ ಎಂಟನೆಯವರು ಉಳಿಯುವುದು ಕಷ್ಟ.

ದಿನದ ಕೆಲವು ಹೊತ್ತು ಏನಾಯಿತೆಂದೇ ನೆನಪಿರದವರು, ಇಲ್ಲದ ದನಿ ಕೇಳುವವರು, ಸಾಯುವ ಯೋಚನೆ ಬರುತ್ತಿರುವವರು ಇಲ್ಲಿಗೆ ಬರುವ ಮೊದಲು ಮನೋವೈದ್ಯರನ್ನು ಕಾಣಬೇಕು. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹಿಂಸೆ ಈಗಲೂ ನಡೆಯುತ್ತಿದ್ದರೆ ಮೊದಲು ಬೇಕಾದದ್ದು ರಕ್ಷಣೆ. ಮಹಿಳಾ ಸಹಾಯವಾಣಿ 181.

ಉಳಿದವರಿಗೆ ಈ ತರಗತಿಯನ್ನು ಧೈರ್ಯವಾಗಿ ಹೇಳಬಹುದು. ನಿಮಗೆ ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕೇಳಿದರೆ ವಿಳಾಸ ಸಿಗುತ್ತದೆ. ಸೀರೆಯಲ್ಲೂ ಮಾಡಬಹುದು, ಚೂಡಿದಾರದಲ್ಲೂ ಮಾಡಬಹುದು, ಮ್ಯಾಟ್ ತರಬೇಕಿಲ್ಲ. ಊಟವಾಗಿ ಎರಡು ಗಂಟೆ ಕಳೆದಿರಲಿ. ಮೊದಲ ದಿನ ಹತ್ತು ನಿಮಿಷ ಮುಂಚೆ ಹೋದರೆ ಖಾಲಿ ಕೋಣೆಯನ್ನು ನೋಡಿ, ಬೇಕಾದ ಕುರ್ಚಿ ಆರಿಸಿಕೊಳ್ಳಬಹುದು. ಅಕ್ಕನನ್ನೋ ಗೆಳತಿಯನ್ನೋ ಜೊತೆಗೆ ಕರೆದೊಯ್ದರೆ ಅವರಿಗೆ ಜಗುಲಿಯಲ್ಲಿ ಕೂರಲು ಬಿಡುತ್ತಾರೆ.