ಜಿಪ್ಸಿಗೆ 1.3 ಲೀಟರ್ ಎಂಜಿನ್ ಹಾಕೋದಾ, 1.6 ಹಾಕೋದಾ? ಎರಡನ್ನೂ ಹಾಕಿ ನೋಡಿದ್ದು

ನನ್ನದೂ ಭಾವನದೂ ಒಂದೇ ಕಾಲದ ಗಾಡಿಗಳು. ಎರಡೂ ಕಾರ್ಬುರೇಟರ್ ಇದ್ದ ಮಾರುತಿ ಜಿಪ್ಸಿ ಕಿಂಗ್. ನನ್ನದು ರಸ್ತೆಯಲ್ಲೂ ಓಡಬೇಕು, ಸಕಲೇಶಪುರ ಪೇಟೆಗೂ ಹೋಗಿ ಬರಬೇಕು. ಭಾವನದು ತೋಟದ ಗೇಟು ದಾಟುವುದಿಲ್ಲ. ಕಾಫಿ ಮೂಟೆ, ಗೊಬ್ಬರ, ಪೈಪು, ಮೋಟಾರು ಹೊತ್ತು ಗುಡ್ಡ ಹತ್ತಿಳಿಯುವುದೇ ಅದರ ಕೆಲಸ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ಎಂಜಿನ್ ಸೋತಿತು. ಹೊಗೆ ಜಾಸ್ತಿ, ಆಯಿಲ್ ಖರ್ಚು ಜಾಸ್ತಿ, ಏರಿನಲ್ಲಿ ಉಸಿರೇ ಇಲ್ಲ.

ಹಳೆಯದನ್ನೇ ಬೋರ್ ಮಾಡಿಸಬಹುದಿತ್ತು, ಅಂದರೆ ಸವೆದ ಸಿಲಿಂಡರನ್ನು ಕಡಿಸಿ ಸರಿಮಾಡಿಸಬಹುದಿತ್ತು. ಆದರೆ ಆ ಎಂಟು ವಾಲ್ವಿನ 1.3 ಎಂಜಿನ್‌ಗೆ ಇದ್ದದ್ದೇ 60 ಬಿಎಚ್‌ಪಿ. ಅಷ್ಟು ಖರ್ಚು ಮಾಡಿ ಮತ್ತೆ ಅದೇ 60ಕ್ಕೆ ಬಂದು ನಿಲ್ಲಲು ಇಬ್ಬರಿಗೂ ಮನಸ್ಸು ಬರಲಿಲ್ಲ. ನಾನು 2000ದ ನಂತರದ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ) ಜಿಪ್ಸಿಯ 1.3 ಎಂಜಿನ್ ಹಾಕಿಸಿದೆ. ಭಾವ ಬಲೆನೊ ಕಾರಿನ 1.6 ಹಾಕಿಸಿದರು. ಇಲ್ಲಿ ಬಲೆನೊ ಅಂದರೆ ಈಗ ಓಡಾಡುವ ಹ್ಯಾಚ್‌ಬ್ಯಾಕ್ ಅಲ್ಲ, 1999ರಲ್ಲಿ ಬಂದ ಹಳೆಯ ಸೆಡಾನ್. ಗುಜರಿಯಲ್ಲಿ ಬಲೆನೊ ಅಂದಷ್ಟೇ ಕೇಳಿದರೆ ಬೇರೆಯದನ್ನೇ ತೋರಿಸುತ್ತಾರೆ, ಎಚ್ಚರ. ಜಿ16ಬಿ ಎಂದು ಎಂಜಿನ್ ಹೆಸರು ಹೇಳಿಯೇ ಕೇಳಿ. 1.3ದು ಜಿ13ಬಿಬಿ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಎರಡೂ ಸುಜುಕಿಯ ಒಂದೇ ಮನೆತನದ ಎಂಜಿನ್‌ಗಳು, ಹದಿನಾರು ವಾಲ್ವು. 1.3ರ ಬೋರ್ (ಸಿಲಿಂಡರಿನ ಅಗಲ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 75.5 ಮಿ.ಮೀ., ಒಟ್ಟು 1298 ಸಿಸಿ. ಜಿಪ್ಸಿಯಲ್ಲಿ ಅದು ಕೊಡುವುದು 80 ಬಿಎಚ್‌ಪಿ ಶಕ್ತಿ, 103 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). 1.6ರ ಬೋರ್ 75, ಸ್ಟ್ರೋಕ್ 90, ಒಟ್ಟು 1590 ಸಿಸಿ. ಶಕ್ತಿ 90 ಬಿಎಚ್‌ಪಿಗೂ ಮೇಲೆ, ಟಾರ್ಕ್ ಸುಮಾರು 130 ಎನ್‌ಎಂ. ಬೋರ್‌ನಲ್ಲಿ ಒಂದೇ ಮಿಲಿಮೀಟರ್ ವ್ಯತ್ಯಾಸ ನೋಡಿ. ಹೆಚ್ಚಾಗಿರುವುದೆಲ್ಲ ಸ್ಟ್ರೋಕ್‌ನಲ್ಲಿ. ಏರಿನಲ್ಲಿ ಎಳೆಯುವ ಗುಣ ಬಂದಿರುವುದೂ ಅಲ್ಲಿಂದಲೇ, ಬಾನೆಟ್ ಮುಚ್ಚದೆ ಕಾಡಿದ್ದೂ ಅಲ್ಲಿಂದಲೇ. ಸ್ಟ್ರೋಕ್ ಉದ್ದವಾದಷ್ಟೂ ಬ್ಲಾಕ್ ಎತ್ತರವಾಗುತ್ತದೆ, ಅಲ್ವಾ.

ಗೇರ್‌ಬಾಕ್ಸಿಗೆ ಎರಡೂ ಕೂರುತ್ತವೆ. ಅದಕ್ಕಾಗಿ ಬೇರೆ ಪ್ಲೇಟ್ ಕಡಿಸುವ ಕೆಲಸವಿಲ್ಲ. ಇದನ್ನು ಕೇಳಿಯೇ ತುಂಬ ಜನ 1.6ಕ್ಕೆ ಕೈ ಹಾಕುತ್ತಾರೆ. ಭಾವನೂ ಹಾಗೇ ಹಾಕಿದ್ದು. "ಬೋಲ್ಟ್ ಕೂತ್ರೆ ಮುಗೀತು ಕಣೋ" ಅಂದರು. ನಿಜವಾದ ಕೆಲಸ ಶುರುವಾದದ್ದೇ ಬೋಲ್ಟ್ ಕೂತ ಮೇಲೆ.

ನಾನು ತಂದದ್ದು ಅಪಘಾತದಲ್ಲಿ ಮುಂಭಾಗ ಹೋದ ಎಂಪಿಎಫ್‌ಐ ಜಿಪ್ಸಿಯ ಎಂಜಿನ್. ಅದರ ಜೊತೆಗೇ ಆಯಿಲ್ ಚೇಂಬರ್ (ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಬಟ್ಟಲು), ಮೌಂಟಿಂಗ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ), ಪೂರ್ತಿ ವೈರಿಂಗ್, ಪೆಟ್ರೋಲ್ ಟ್ಯಾಂಕು, ರೇಡಿಯೇಟರ್ ಮತ್ತು ಸೈಲೆನ್ಸರಿನ ಮುಂದಿನ ಪೈಪು ಎಲ್ಲ ಕೇಳಿ ತಂದೆ. ಎಲ್ಲವೂ ಜಿಪ್ಸಿಗೇ ಅಂತ ಮಾಡಿದ್ದು. ಬರೀ ಎಂಜಿನ್‌ಗೆ ಕೇಳಿದ ಹಣದ ಅರ್ಧದಷ್ಟು ಮತ್ತೆ ಈ ಸಾಮಾನಿಗೇ ಕೊಟ್ಟೆ. ಆಗ ಜಾಸ್ತಿ ಅನ್ನಿಸಿತು. ಈಗ ಅನ್ನಿಸುವುದಿಲ್ಲ. ಭಾವನ 1.6 ಸಿಕ್ಕಿದ್ದು ನನ್ನದಕ್ಕಿಂತ ಅಗ್ಗಕ್ಕೆ. ಆದರೆ ಅದು ಕಾರಿನಲ್ಲಿ ಅಡ್ಡ ಕೂರುವ ಎಂಜಿನ್. ಜಿಪ್ಸಿಯಲ್ಲಿ ಉದ್ದಕ್ಕೆ ಕೂರಬೇಕು. ಹಾಗಾಗಿ ಎಂಜಿನ್‌ನ ಸುತ್ತ ಇರುವ ಒಂದೊಂದು ಸಾಮಾನೂ ತಪ್ಪು ದಿಕ್ಕಿಗೆ ಮುಖ ಮಾಡಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಆಯಿಲ್ ಚೇಂಬರ್. ಜಿಪ್ಸಿಯಲ್ಲಿ ಎಂಜಿನ್ ಕೆಳಗೇ ಮುಂದಿನ ಆಕ್ಸಲ್ ಇದೆ, ಸ್ಪ್ರಿಂಗ್ ಪಟ್ಟಾ ಒತ್ತಿದಾಗ ಅದು ಮೇಲೆ ಬರುತ್ತದೆ. ಚೇಂಬರಿನ ಆಕಾರ ಅದಕ್ಕೆ ಜಾಗ ಬಿಟ್ಟಿರಬೇಕು. ಕಾರಿನ ಚೇಂಬರಿಗೆ ಆ ಚಿಂತೆಯೇ ಇಲ್ಲ. ನನ್ನ 1.3ರಲ್ಲಿ ಇದು ಅರ್ಧ ಗಂಟೆಯ ಕೆಲಸ, ಹೊಸ ಪ್ಯಾಕಿಂಗ್ ಹಾಕಿ ಬಿಗಿ ಮಾಡಿದ್ದಷ್ಟೇ. ಭಾವನದಕ್ಕೆ ಎರಡು ದಾರಿ ನೋಡಿದೆವು. ಮೊದಲು ಬಲೆನೊ ಚೇಂಬರನ್ನೇ ತಗ್ಗಿದ ಕಡೆ ಕತ್ತರಿಸಿ ತಗಡು ಹಾಕಿ ಬೆಸೆದರು. ನೋಡಲು ಚೆನ್ನಾಗಿತ್ತು, ಆಯಿಲ್ ಹಿಡಿಯುವ ಜಾಗ ಕಡಿಮೆಯಾಗಿತ್ತು. ಎರಡನೇ ದಿನ ಇಳಿಜಾರಿನಲ್ಲಿ ಆಯಿಲ್ ದೀಪ ಮಿಣುಕಿತು. ತಕ್ಷಣ ನಿಲ್ಲಿಸಿದೆವು. ಆಮೇಲೆ ಬಲೆನೊ ಚೇಂಬರಿನ ಮೇಲಿನ ಅಂಚು ಮಾತ್ರ ಇಟ್ಟುಕೊಂಡು, ಕೆಳಗಿನ ಬಟ್ಟಲನ್ನು ಹಳೆಯ ಜಿಪ್ಸಿ ಚೇಂಬರಿನಿಂದ ತೆಗೆದು ಬೆಸೆದದ್ದು. ಇದು ಸರಿಹೋಯಿತು.

ಬಟ್ಟಲು ಬದಲಾದರೆ ಆಯಿಲ್ ಎಳೆಯುವ ಪಿಕಪ್ ಪೈಪೂ ಬದಲಾಗಬೇಕು. ಅದರ ಜಾಲರಿ ಬಟ್ಟಲಿನ ತಳಕ್ಕೆ ತಾಗಬಾರದು, ತುಂಬ ಮೇಲೂ ಇರಬಾರದು. ನಾವು ಮಕ್ಕಳು ಆಡುವ ಮೆತ್ತನೆ ಕ್ಲೇ ತಂದು ತಳದಲ್ಲಿಟ್ಟೆವು. ಚೇಂಬರನ್ನು ಒಮ್ಮೆ ಕೂರಿಸಿ ಬಿಚ್ಚಿ, ಒತ್ತಿದ ಕ್ಲೇ ಎಷ್ಟು ದಪ್ಪ ಉಳಿದಿದೆ ಎಂದು ಅಳೆದೆವು. ಒಂದು ಸೆಂಟಿಮೀಟರ್ ಹತ್ತಿರ ಬರುವ ತನಕ ಪೈಪನ್ನು ತಿದ್ದಿಸಿದೆವು. ಬೆಸೆದ ಮೇಲೆ ಚೇಂಬರಿಗೆ ಸೀಮೆಎಣ್ಣೆ ತುಂಬಿ ಒಂದು ರಾತ್ರಿ ಬಿಡಿ. ಎಲ್ಲಾದರೂ ಸೂಜಿಮೊನೆಯಷ್ಟು ತೂತಿದ್ದರೂ ಬೆಳಿಗ್ಗೆ ಹೊರಗೆ ಒದ್ದೆ ಕಾಣುತ್ತದೆ. ಈ ಒಂದು ವಿಷಯದಲ್ಲಿ ದಯವಿಟ್ಟು ಆತುರ ಮಾಡಬೇಡಿ. ಆಯಿಲ್ ಇಲ್ಲದೆ ಎಂಜಿನ್ ನಿಮಿಷಗಳಲ್ಲಿ ಹೋಗುತ್ತದೆ.

ಇನ್ನೊಂದು, ತುಂಬ ಜನ ಮರೆಯುವ ಸಣ್ಣ ಸಾಮಾನು ಪೈಲಟ್ ಬೇರಿಂಗ್. ಜಿಪ್ಸಿ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮೂತಿ ಎಂಜಿನ್ ಹಿಂಭಾಗದಲ್ಲಿ ಈ ಬೇರಿಂಗ್ ಮೇಲೆ ಕೂರುತ್ತದೆ. ಭಾವನಿಗೆ ಸಿಕ್ಕ ಕಾರಿನ ಎಂಜಿನ್‌ನಲ್ಲಿ ಅದು ಇರಲೇ ಇಲ್ಲ. ಹಾಗೇ ಜೋಡಿಸಿದ್ದರೆ ಶಾಫ್ಟ್ ಅಲ್ಲಾಡಿ ಕ್ಲಚ್ಚೂ ಗೇರ್‌ಬಾಕ್ಸೂ ಎರಡೂ ಹಾಳಾಗುತ್ತಿದ್ದವು. ಲೇತಿನಲ್ಲಿ ಒಂದು ಬುಷ್ ಕಡಿಸಿ ಬೇರಿಂಗ್ ಕೂರಿಸಿದರು. ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟ್ 1.6ರದ್ದೇ ಉಳಿಯಿತು. ಕ್ಲಚ್ ಡಿಸ್ಕಿನ ನಡುವಿನ ಹಬ್ ಮಾತ್ರ ಜಿಪ್ಸಿಯದ್ದು ಹಾಕಿ ರಿವೆಟ್ ಹೊಡೆಸಿದ್ದು, ಯಾಕೆಂದರೆ ಗೇರ್‌ಬಾಕ್ಸ್ ಶಾಫ್ಟಿನ ಸ್ಪ್ಲೈನಿಗೆ (ಗೀರು ಹಲ್ಲುಗಳಿಗೆ) ಹೊಂದಬೇಕಲ್ಲ. ಸ್ಟಾರ್ಟರ್ ಮೋಟಾರಿನ ಹಲ್ಲು ಫ್ಲೈವೀಲಿನ ಹಲ್ಲಿಗೆ ಕೂರುತ್ತದಾ ಎಂದು ಗೇರ್‌ಬಾಕ್ಸ್ ಜೋಡಿಸುವ ಮೊದಲೇ ನೋಡಿ. ನನ್ನದರಲ್ಲಿ ಇದ್ಯಾವುದೂ ಇರಲಿಲ್ಲ. ಹೊಸ ಕ್ಲಚ್ ಸೆಟ್ ತಂದೆವು, ಹಾಕಿದೆವು.

ಮೌಂಟಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1.6ಕ್ಕೆ ಮೊದಲು ಗಟ್ಟಿ ಕಬ್ಬಿಣದ ಬ್ರಾಕೆಟ್ ಹಾಕಿ ನೋಡಿದರು. ಹಲ್ಲು ಅದುರುವಷ್ಟು ನಡುಕ. ರಬ್ಬರ್ ಹಾಕಿದ ಮೇಲೆ ನೆಮ್ಮದಿ. ಬಾನೆಟ್ ಮುಚ್ಚುವಷ್ಟು ಜಾಗ ಬೇಕೆಂದು ಎಂಜಿನ್ ಸ್ವಲ್ಪ ಕೆಳಗಿಳಿಸಬೇಕಾಯಿತು, ಅದೂ ಆಕ್ಸಲ್ ನೋಡಿಕೊಂಡು.

ವೈರಿಂಗ್‌ಗೆ ಬರೋಣ. ಕಾರ್ಬುರೇಟರ್ ಗಾಡಿಯಿಂದ ಬಂದವರಿಗೆ ಇಲ್ಲಿ ಭಯವಾಗುವುದು ಸಹಜ. ನನ್ನ ಅನುಭವದಲ್ಲಿ ಭಯ ಬೇಡ, ಆದರೆ ವೈರಿಂಗ್ ಪೂರ್ತಿ ಬೇಕು. 1.3ರ ವೈರಿಂಗ್ ತುಂಡಾಗದೆ ಬಂದಿತ್ತು. ಎರಡು ದಿನದಲ್ಲಿ ಎಂಜಿನ್ ಮಾತಾಡಿತು. ಭಾವನಿಗೆ ಎಂಜಿನ್ ಮಾರಿದವರು ವೈರುಗಳನ್ನು ಕನೆಕ್ಟರಿನ ಹತ್ತಿರವೇ ಕತ್ತರಿಸಿ ಕೊಟ್ಟಿದ್ದರು. ಒಂದೊಂದೇ ಬಣ್ಣ ಹುಡುಕಿ, ಮೀಟರ್ ಹಿಡಿದು, ಬೆಸುಗೆ ಹಾಕಿ ಮುಗಿಸಲು ಮೂರು ವಾರ ಹಿಡಿಯಿತು. ಇಸಿಯುಗೆ ಗಾಡಿಯ ವೇಗವೂ ತಿಳಿಯಬೇಕು. ಹಳೆಯ ಜಿಪ್ಸಿಯಲ್ಲಿ ಮೀಟರಿಗೆ ಹೋಗುವುದು ಕೇಬಲ್, ಸೆನ್ಸರ್ ಇಲ್ಲ. ಅದನ್ನು ಹಾಕುವ ತನಕ ಗಾಡಿ ನಿಲ್ಲಿಸಲು ಹೋದರೆ ಎಂಜಿನ್ನೂ ನಿಂತುಬಿಡುತ್ತಿತ್ತು. ಇಸಿಯು ಜೊತೆ ಕಳ್ಳತನ ತಡೆಯುವ ಚಿಪ್ ಇದ್ದರೆ ಅದರದ್ದೇ ಕೀ, ಅದರದ್ದೇ ಡಬ್ಬಿ ಬೇಕು. ಕೀ ಇಲ್ಲದ ಇಸಿಯು ಕಡಿಮೆಗೆ ಕೊಡುತ್ತೇನೆ ಅಂದರೂ ತರಬೇಡಿ. ಇಸಿಯು ಎಲ್ಲಿ ಕೂರಿಸಬೇಕು ಅಂದರೆ, ಡ್ಯಾಶ್‌ಬೋರ್ಡಿನ ಹಿಂದೆ ಆದಷ್ಟು ಮೇಲೆ. ಹೇಮಾವತಿಗೆ ಸೇರುವ ಹಳ್ಳಗಳು ಮಳೆಗಾಲದಲ್ಲಿ ಎಷ್ಟು ಬರುತ್ತವೆ ಅನ್ನುವುದು ಈ ಕಡೆಯವರಿಗೆ ಗೊತ್ತು.

ಪೆಟ್ರೋಲ್ ಕೊಡುವ ವ್ಯವಸ್ಥೆಯಲ್ಲೂ ಎರಡು ದಾರಿ ಹೋಲಿಸಿ ನೋಡಿದೆವು. ಕಾರ್ಬುರೇಟರಿಗೆ ತುಂಬ ಕಡಿಮೆ ಒತ್ತಡ ಸಾಕು. ಎಂಪಿಎಫ್‌ಐಗೆ ಎರಡೂವರೆ ಮೂರು ಬಾರ್ ಬೇಕು. ಹಳೆಯ ರಬ್ಬರ್ ಪೈಪು ಅದನ್ನು ತಡೆಯುವುದಿಲ್ಲ, ಬೆಂಕಿಯ ಅಪಾಯ. ಇಂಜೆಕ್ಷನ್‌ಗೆ ಅಂತಲೇ ಬರುವ ಪೈಪು, ಅದಕ್ಕೆ ತಕ್ಕ ಕ್ಲಿಪ್ಪು ಹಾಕಬೇಕು. ನಾನು ಎಂಪಿಎಫ್‌ಐ ಜಿಪ್ಸಿಯ ಟ್ಯಾಂಕನ್ನೇ ಹಾಕಿಸಿದೆ, ಪಂಪ್ ಒಳಗೇ ಇದೆ. ಭಾವ ಹಳೆಯ ಟ್ಯಾಂಕ್ ಉಳಿಸಿಕೊಂಡು ಹೊರಗೆ ಪಂಪ್ ಕೂರಿಸಿದರು. ಸಮತಟ್ಟಾದ ಜಾಗದಲ್ಲಿ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಟ್ಯಾಂಕು ಅರ್ಧಕ್ಕಿಂತ ಕೆಳಗಿಳಿದು ಗಾಡಿ ಕಡಿದಾದ ಏರಿನಲ್ಲಿ ಓರೆಯಾದಾಗ ಗೊತ್ತಾಗುತ್ತದೆ. ಭಾವನದರಲ್ಲಿ ಪೆಟ್ರೋಲ್ ಒಂದು ಮೂಲೆಗೆ ಸರಿದು, ಪಂಪ್ ಗಾಳಿ ಎಳೆದು, ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಒಮ್ಮೆ ಹೀಗೆ ಏರಿನ ನಡುವೆ ನಿಂತಾಗ ಹಿಂದೆ ಆಳುಗಳು ಕೂತಿದ್ದರು. ಬ್ರೇಕ್ ಹಿಡಿದುಕೊಂಡು, ಒಬ್ಬರು ಚಕ್ರಕ್ಕೆ ಕಲ್ಲು ಕೊಡುವ ತನಕ ನನ್ನ ಎದೆ ಬಡಿದುಕೊಳ್ಳುತ್ತಿತ್ತು.

ರೇಡಿಯೇಟರ್ 1.3ಕ್ಕೆ ಅದರದ್ದೇ ಸಾಕಾಯಿತು. 1.6ಕ್ಕೆ ದಪ್ಪ ಕೋರ್ ಕಟ್ಟಿಸಿ, ಕರೆಂಟಿನ ಫ್ಯಾನ್ ಹಾಕಿಸಿದರು. ಇದರಲ್ಲಿ ಒಂದು ಲಾಭ ಸಿಕ್ಕಿತು. ನೀರು ದಾಟುವಾಗ ಫ್ಯಾನ್ ಆಫ್ ಮಾಡಬಹುದು. ಎಂಜಿನ್ ತಿರುಗಿಸುವ ಫ್ಯಾನ್ ನೀರಿಗೆ ಬಡಿದರೆ ಅದರ ಎಲೆ ಬಾಗಿ ರೇಡಿಯೇಟರನ್ನೇ ಕೊರೆಯಬಹುದು.

ಎಂಜಿನ್ ಎರಡರಲ್ಲಿ ಯಾವುದೇ ಇರಲಿ, ಒಳಗೆ ಕೂರಿಸುವ ಮೊದಲೇ ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೊಸದು ಹಾಕಿಬಿಡಿ. ಹೊರಗಿದ್ದಾಗ ಒಂದು ಮಧ್ಯಾಹ್ನದ ಕೆಲಸ.

ಇನ್ನು ಓಡಿಸಿದ್ದು. ಭಾವನ ತೋಟದಲ್ಲಿ ಕಣದಿಂದ ಮೇಲಿನ ಬ್ಲಾಕಿಗೆ ಒಂದು ಕೆಮ್ಮಣ್ಣಿನ ಏರು ಇದೆ, ನಡುವೆ ಒಂದು ಹಿಮ್ಮುರಿ ತಿರುವು. ಜುಲೈ ಮಳೆಯಲ್ಲಿ, ಒಂದೇ ದಿನ, ಎರಡಕ್ಕೂ 50 ಕೆಜಿಯ ಆರು ಗೊಬ್ಬರ ಮೂಟೆ ಹೇರಿ ಹತ್ತಿಸಿದೆವು. ಟೈರು ಎರಡಕ್ಕೂ ಒಂದೇ ತರಹದ್ದು. ನನ್ನ 1.3 ಹತ್ತಿತು, ಆದರೆ ತಿರುವಿನಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಬೇಕಾಯಿತು. ಅದರ ಬಲ ಇರುವುದು ಮೇಲಿನ ಸುತ್ತಿನಲ್ಲಿ, 4500 ಆರ್‌ಪಿಎಂ ಹತ್ತಿರ. ಅಷ್ಟು ಸುತ್ತು ಕೊಟ್ಟರೆ ಕೆಸರಿನಲ್ಲಿ ಚಕ್ರ ಜಾರುತ್ತದೆ. ಎರಡು ಸಲ ಹಿಂದೆ ಬಂದು ಮತ್ತೆ ಹೋದೆ. ಭಾವನ 1.6 ಫೋರ್‌ವೀಲಿನ ಲೋ ಗೇರಿನಲ್ಲಿ, ಎರಡನೇ ಗೇರಿಗೆ ಹಾಕಿ, ಕಾಲು ಸುಮ್ನೆ ಇಟ್ಟಹಾಗೆ ಒಂದೇ ಉಸಿರಿಗೆ ಹತ್ತಿತು. ಚಕ್ರ ಒಮ್ಮೆಯೂ ಜಾರಿ ಸುತ್ತಲಿಲ್ಲ. ಸ್ಟೀರಿಂಗ್ ಹಿಡಿದಿದ್ದ ನನಗೆ ಆ 90 ಮಿ.ಮೀ. ಸ್ಟ್ರೋಕ್ ಏನೆಂದು ಆಗ ಅರ್ಥವಾಯಿತು. ಪೆಟ್ರೋಲ್ ಲೆಕ್ಕದಲ್ಲಿ ನನ್ನದು ಊರು, ತೋಟ ಸೇರಿ ಲೀಟರಿಗೆ ಹತ್ತು ಹನ್ನೊಂದು. ಭಾವನದು ತೋಟದೊಳಗೇ ಎಳೆಯುವುದರಿಂದ ಎಂಟು ದಾಟಿಲ್ಲ.

ಹಾಗಾದರೆ 1.6 ಗೆದ್ದಿತಲ್ಲ ಅಂದರೆ, ಏರಿನಲ್ಲಿ ಹೌದು. ಆದರೂ ರಸ್ತೆಗೆ ಇಳಿಸುವ ಗಾಡಿಗೆ ನಾನು ಅದನ್ನು ಹಾಕುವುದಿಲ್ಲ. ಎಂಜಿನ್ ನಂಬರ್, ಸಿಸಿ ಎರಡೂ ಆರ್‌ಸಿಯಲ್ಲಿ ಇರುತ್ತವೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿದೆ. ನಾನು ಬಿಲ್ಲು, ಹಳೆಯ ಗಾಡಿಯ ಕಾಗದ ಎಲ್ಲ ಹಿಡಿದು ಕೆಲಸ ಶುರು ಮಾಡುವ ಮೊದಲೇ ಆರ್‌ಟಿಒ ಅನುಮತಿ ಪಡೆದೆ, ಹೊಸ ನಂಬರ್ ಆರ್‌ಸಿಗೆ ಹತ್ತಿಸಿದೆ, ಇನ್ಶೂರೆನ್ಸಿನವರಿಗೂ ತಿಳಿಸಿದೆ. ಅದೇ 1298 ಸಿಸಿ ಆಗಿದ್ದರಿಂದ ಮಾತು ಸುಲಭವಾಯಿತು. ನೀವೂ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿಯೇ ಎಂಜಿನ್ ಹುಡುಕಲು ಹೊರಡಿ. ಭಾವನ ಗಾಡಿ ತೋಟದ ಗೇಟು ದಾಟದಿರುವುದಕ್ಕೆ ಇದೇ ಕಾರಣ.

ಗಾಡಿಯನ್ನು ದಿನಾ ಓಡಿಸುವವರಿಗೆ, ಒಂದೇ ಗಾಡಿ ಇರುವವರಿಗೆ ನಾನು 1.3 ಅನ್ನುತ್ತೇನೆ, ಅದೂ ಪೂರ್ತಿ ಸಾಮಾನಿನ ಜೊತೆ. ಕೆಟ್ಟರೆ ಜಿಪ್ಸಿಯ ಸಾಮಾನು ಕೇಳಿದರೆ ಸಾಕು. ಭಾವನ ಗಾಡಿಯಲ್ಲಿ ಏನಾದರೂ ಹೋದರೆ ಯಾವ ಗಾಡಿಯದ್ದು ಎಂದು ಮೊದಲು ನೆನಪು ಮಾಡಿಕೊಳ್ಳಬೇಕು. ಅದಕ್ಕೆ ನಾನು ಒಂದು ನೋಟ್‌ಬುಕ್ ಮಾಡಿ ಅವರ ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದೇನೆ. ಕ್ಲಚ್ ಹಬ್ ಜಿಪ್ಸಿ, ಪ್ರೆಶರ್ ಪ್ಲೇಟ್ ಬಲೆನೊ, ಹೀಗೆ.

ಅದರಲ್ಲಿ ಪೆಟ್ರೋಲ್ ಟ್ಯಾಂಕಿನ ಸಾಲು ಮಾತ್ರ ಇನ್ನೂ ಪೆನ್ಸಿಲ್‌ನಲ್ಲಿದೆ. ಹಾಸನದ ಗುಜರಿಯೊಂದರಲ್ಲಿ ಎಂಪಿಎಫ್‌ಐ ಜಿಪ್ಸಿಯ ಟ್ಯಾಂಕು ನೋಡಿ ಬಂದಿದ್ದೇನೆ, ತಳ ತುಕ್ಕು ಹಿಡಿದಿಲ್ಲ. "ಭಾವ, ಕೊಯ್ಲು ಶುರುವಾಗೋ ಮೊದಲೇ ಬದಲಿಸಿಬಿಡೋಣ, ಆಮೇಲೆ ನಿಮಗೂ ಪುರುಸೊತ್ತು ಇರಲ್ಲ" ಎಂದು ಹೇಳಿದ್ದೇನೆ. ಈ ಭಾನುವಾರ ಇಬ್ಬರೂ ಹೋಗಿ ತರುತ್ತೇವೆ.